ಬೋಟಿನ ಸ್ಟರ್ನ್‌ಡ್ರೈವ್ ಬಿಚ್ಚಿ ಸರಿಯಾದ ಪ್ಯಾಕಿಂಗ್ ಹಾಕಿದ್ದು

ನಮ್ಮ ಬೋಟು ನಿಧಾನಕ್ಕೆ ಹೋಗುವಾಗ ಏನೂ ತಕರಾರು ಮಾಡುತ್ತಿರಲಿಲ್ಲ. ಥ್ರಾಟಲ್ ಮುಂದೆ ತಳ್ಳಿ ಸ್ಪೀಡ್ ಹಿಡಿದ ಸ್ವಲ್ಪ ಹೊತ್ತಿಗೆ ಟೆಂಪರೇಚರ್ ಮುಳ್ಳು ಮೇಲೇರಲು ಶುರು. 160–170 ಡಿಗ್ರಿ ಫ್ಯಾರನ್‌ಹೀಟ್ ಹತ್ತಿರ ನಿಲ್ಲಬೇಕಾದ ಮುಳ್ಳು 200 ದಾಟುತ್ತಿತ್ತು. ಥ್ರಾಟಲ್ ಹಿಂದೆಳೆದರೆ ಮತ್ತೆ ಮೆಲ್ಲಗೆ ಕೆಳಗೆ ಬರುತ್ತಿತ್ತು. ಮಕ್ಕಳು ಟ್ಯೂಬ್ ಮೇಲೆ ಕೂತು "ಇನ್ನೂ ಜೋರಾಗಿ" ಅಂತ ಕೂಗುತ್ತಿದ್ದರೆ ನನ್ನ ಕಣ್ಣು ಮಾತ್ರ ಆ ಮುಳ್ಳಿನ ಮೇಲೆ.

ಬೋಟು 1998ರದು, 18 ಅಡಿಯ ಬೋರೈಡರ್ (ಮೂತಿಯಲ್ಲೂ ಕೂರಲು ಸೀಟಿರುವ ಬೋಟು), ಸೆಕೆಂಡ್ ಹ್ಯಾಂಡ್. ನಾವಿರುವುದು ಅಮೆರಿಕದ ಮಿನೆಸೋಟಾದಲ್ಲಿ. ಇಲ್ಲಿ ಬೇಸಿಗೆ ಚಿಕ್ಕದು, ಸರೋವರಗಳು ಮಾತ್ರ ಕಣ್ಣು ಹಾಯಿಸಿದಲ್ಲೆಲ್ಲ. ಹಾಗಾಗಿ ಹಳೇ ಬೋಟು ಇಟ್ಟುಕೊಳ್ಳುವುದು ದೊಡ್ಡಸ್ತಿಕೆಯ ವಿಷಯವೇನಲ್ಲ. ಅದನ್ನು ಪ್ರತಿ ಸಲ ಮೆಕ್ಯಾನಿಕ್ ಹತ್ತಿರ ಬಿಡುವುದು ಮಾತ್ರ ದೊಡ್ಡ ಖರ್ಚು. ಜೂನ್ ತಿಂಗಳಲ್ಲಿ ಹೋಗಿ ಕೇಳಿದರೆ ಜುಲೈ ಕೊನೆಗೆ ಬನ್ನಿ ಅಂತಾರೆ. ಅಷ್ಟರಲ್ಲಿ ಬೇಸಿಗೆಯೇ ಮುಗಿಯುತ್ತಾ ಬಂದಿರುತ್ತದೆ. ಅದಕ್ಕೇ ನಾನೇ ಕೈ ಹಾಕಿದೆ.

ಸ್ಟರ್ನ್‌ಡ್ರೈವ್ ನೋಡಿಲ್ಲದವರಿಗೆ ಎರಡು ಮಾತು. ಔಟ್‌ಬೋರ್ಡ್‌ನಲ್ಲಿ ಇಂಜಿನ್ ಪೂರ್ತಿ ಹೊರಗೆ ನೇತಾಡುತ್ತದೆ. ಟ್ರಾಲರ್ ಬೋಟುಗಳಲ್ಲಿ ಇಂಜಿನ್ ಒಳಗೆ, ಶಾಫ್ಟ್ ನೇರವಾಗಿ ತಳದಿಂದ ಹೊರಗೆ. ಸ್ಟರ್ನ್‌ಡ್ರೈವ್ ಇವೆರಡರ ನಡುವಿನದು. ಕಾರಿನಂಥದೇ ಇಂಜಿನ್ ಬೋಟಿನ ಹಿಂಭಾಗದಲ್ಲಿ ಒಳಗೆ ಕೂತಿರುತ್ತದೆ. ಗೇರು, ಪ್ರೊಪೆಲ್ಲರ್ ಇರುವ ಕಾಲು ಮಾತ್ರ ಹೊರಗೆ. ಇಂಜಿನ್‌ನ ತಿರುಗು ಹಿಂದಕ್ಕೆ ಬಂದು, ಕೆಳಗಿಳಿದು, ಮತ್ತೆ ಹಿಂದಕ್ಕೆ ತಿರುಗಿ ಪ್ರೊಪೆಲ್ಲರ್‌ಗೆ ಹೋಗುತ್ತದೆ. ಆ ಇಡೀ ಕಾಲು ಎಡಕ್ಕೆ ಬಲಕ್ಕೆ ತಿರುಗಬೇಕು, ಮೇಲಕ್ಕೂ ಏಳಬೇಕು. ವೋಲ್ವೊ ಪೆಂಟಾ 1959ರ ನ್ಯೂಯಾರ್ಕ್ ಬೋಟ್ ಶೋದಲ್ಲಿ ಅಕ್ವಾಮ್ಯಾಟಿಕ್ ಅಂತ ಇದನ್ನು ತಂದಿತು. ಎರಡು ವರ್ಷಕ್ಕೆ ಮರ್ಕ್ರೂಸರ್ ಬಂತು. ನನ್ನದು ಮರ್ಕ್ರೂಸರ್ ಆಲ್ಫಾ ಒನ್, ಜೆನ್ 2 (ಎರಡನೇ ತಲೆಮಾರು), ಅಂದರೆ 1991ರಿಂದ ಈಚೆಗೆ ಬಂದ ಮಾದರಿ. ಒಳಗಿರುವುದು ಜನರಲ್ ಮೋಟರ್ಸ್ ಬ್ಲಾಕಿನ 4.3 ಲೀಟರ್ ವಿ6.

ಈ ಕಾಲಿಗೇ ಡ್ರೈವ್ ಅನ್ನುವುದು. ಅದು ಬೋಟಿಗೆ ಸೇರುವ ಜಾಗಕ್ಕೆ ಬೆಲ್ ಹೌಸಿಂಗ್ ಅನ್ನುತ್ತಾರೆ. ಆರು ಸ್ಟಡ್, ಆರು ನಟ್, ನಡುವೆ ಒಂದು ಪ್ಯಾಕಿಂಗ್, ಅಂದರೆ ಗ್ಯಾಸ್ಕೆಟ್. ಕೇಳಲು ಸುಲಭ, ಅಲ್ವಾ? ಆದರೆ ಆ ಒಂದು ಜಾಯಿಂಟಿನಲ್ಲಿ ಏನೇನು ಹಾದುಹೋಗುತ್ತದೆ ನೋಡಿ. ನಡುವೆ ತಿರುಗುವ ಶಾಫ್ಟ್. ಅದರ ಪಕ್ಕ ಇಂಜಿನ್ ತಣ್ಣಗಿಡುವ ನೀರು. ಆಲ್ಫಾದಲ್ಲಿ ನೀರಿನ ಪಂಪು ಕೆಳಗಿನ ಕಾಲಿನಲ್ಲೇ ಇದೆ, ಅಲ್ಲಿಂದ ನೀರು ಮೇಲೆ ಬಂದು ಈ ಜಾಯಿಂಟ್ ದಾಟಿಯೇ ಇಂಜಿನ್ ಸೇರಬೇಕು. ಇಂಜಿನ್ ಹೊಗೆ ಹೊರಗೆ ಹೋಗುವುದೂ ಇದೇ ದಾರಿಯಲ್ಲಿ. ಒಳಗಿರುವ ಪುಟ್ಟ ಬಾಟಲಿಯಿಂದ ಗೇರ್ ಆಯಿಲ್ ಬರುವ ಸಣ್ಣ ತೂತು ಬೇರೆ. ಗೇರ್ ಬದಲಿಸುವ ಲಿಂಕೂ ಇಲ್ಲೇ. ನೀರು, ಎಣ್ಣೆ, ಹೊಗೆ ಮೂರೂ ಒಂದೇ ಮುಖದಲ್ಲಿ, ಒಂದಕ್ಕೊಂದು ಸೋಕದ ಹಾಗೆ ಇರಬೇಕು.

ಮೊದಲು ಎಲ್ಲರ ಹಾಗೆ ನಾನೂ ಕಳೆ ಮೇಲೆ ಅನುಮಾನಪಟ್ಟೆ. ನಾವು ಜಾಸ್ತಿ ಹೋಗುವುದು ಮಿನಿಟೋಂಕ ಸರೋವರಕ್ಕೆ. ಅಲ್ಲಿ ಯೂರೇಷಿಯನ್ ಮಿಲ್‌ಫಾಯಿಲ್ ಅನ್ನುವ ಕಳೆ 1987ರಿಂದ ಬೇರುಬಿಟ್ಟಿದೆ. 2010ರಲ್ಲಿ ಜೀಬ್ರಾ ಮಸೆಲ್ ಅನ್ನುವ ಉಗುರಿನಷ್ಟು ದೊಡ್ಡ ಚಿಪ್ಪುಹುಳವೂ ಸೇರಿಕೊಂಡಿತು. ಎರಡೂ ನೀರೆಳೆಯುವ ಕಿಂಡಿಗೆ ಅಡ್ಡ ಕೂರುತ್ತವೆ. ಆದರೆ ನಮ್ಮ ಬೋಟಿನ ಕಿಂಡಿಗಳು ಸ್ವಚ್ಛವಾಗಿದ್ದವು. ಮುಳ್ಳೇ ಸುಳ್ಳು ಹೇಳುತ್ತಿದೆಯಾ ಅಂತ ಥರ್ಮೋಸ್ಟಾಟ್ ಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದೆ. ಅದೂ ಅದೇ ಲೆಕ್ಕ ಹೇಳಿತು. ಥರ್ಮೋಸ್ಟಾಟ್ ಬಿಚ್ಚಿ ಬಿಸಿ ನೀರಿನಲ್ಲಿ ಹಾಕಿದರೆ ಸರಿಯಾಗಿ ತೆರೆಯಿತು. ಪಂಪಿನೊಳಗೆ ತಿರುಗಿ ನೀರು ತಳ್ಳುವ ರಬ್ಬರ್ ಇಂಪೆಲ್ಲರ್ ಆ ವಸಂತದಲ್ಲೇ ಹೊಸದು ಹಾಕಿದ್ದು.

ಉಳಿದದ್ದು ದಾರಿಯಲ್ಲಿ ಎಲ್ಲೋ ನೀರು ಸೋರುತ್ತಿರಬೇಕು ಅನ್ನುವ ಲೆಕ್ಕ. ಬೋಟನ್ನು ಟ್ರೇಲರ್ ಮೇಲೆ ಮನೆ ಮುಂದೆ ನಿಲ್ಲಿಸಿ, ನೀರೆಳೆಯುವ ಕಿಂಡಿಗಳಿಗೆ ಮಫ್ಸ್ ಸಿಕ್ಕಿಸಿದೆ. ತಂತಿಗೆ ಕೂಡಿಸಿದ ಎರಡು ರಬ್ಬರ್ ಬಟ್ಟಲು, ಒಂದಕ್ಕೆ ಗಾರ್ಡನ್ ಪೈಪು. ನೀರು ಬಿಟ್ಟ ಮೇಲೆ ಇಂಜಿನ್ ಸ್ಟಾರ್ಟ್. (ನೀರಿಲ್ಲದೆ ಸ್ಟಾರ್ಟ್ ಮಾಡಬಾರದು. ಇಂಪೆಲ್ಲರ್ ಒಣಗಿದ್ದಾಗ ತಿರುಗಿದರೆ ಎಷ್ಟೋ ಸಲ ನಿಮಿಷ ಕೂಡ ಬಾಳುವುದಿಲ್ಲ.) ಸುಮ್ನೆ ಐಡ್ಲಿಂಗ್‌ನಲ್ಲಿ ಏನೂ ಕಾಣಲಿಲ್ಲ. ಸ್ವಲ್ಪ ರೇಸ್ ಕೊಟ್ಟು, ಟಾರ್ಚ್ ಹಿಡಿದು, ಬಗ್ಗಿ ನೋಡಿದರೆ ಡ್ರೈವ್ ಮತ್ತು ಬೆಲ್ ಹೌಸಿಂಗ್ ಸೇರುವ ಗೆರೆಯಲ್ಲಿ ಒಂದು ತೆಳು ನೀರಿನ ಪೊರೆ. ಬಲ ಪಕ್ಕದಲ್ಲಿ ಮಾತ್ರ. ಪೇಂಟಿನ ಮೇಲೆ ಸುಣ್ಣದ ಬಿಳೀ ಗೆರೆ ಆಗಲೇ ಕಟ್ಟಿತ್ತು, ಅಂದರೆ ಇದು ಇವತ್ತಿನ ಸೋರಿಕೆ ಅಲ್ಲ.

ಹಿಂದಿನ ಮಾಲೀಕರು ಕೊಟ್ಟ ಬಿಲ್ಲುಗಳ ಫೈಲು ತೆಗೆದೆ. ಮಾರುವ ಮುಂಚೆ ಒಂದು ವರ್ಕ್‌ಶಾಪಿನಲ್ಲಿ ಡ್ರೈವ್ ಇಳಿಸಿ, ಶಾಫ್ಟನ್ನು ಹಿಡಿದಿಡುವ ಜಿಂಬಲ್ ಬೇರಿಂಗ್ ಬದಲಿಸಿದ್ದರು. ಡ್ರೈವ್ ಇಳಿಸಿದರೆ ಪ್ಯಾಕಿಂಗ್ ಹೊಸದು ಹಾಕಲೇಬೇಕು. ಬಿಲ್ಲಿನಲ್ಲಿ ಅದು ಇತ್ತು. ಪಾರ್ಟ್ ನಂಬರ್ ಇರಲಿಲ್ಲ.

ಈಗ ಸರಿಯಾದ ಪ್ಯಾಕಿಂಗ್ ತರುವ ಕೆಲಸ. ಇಲ್ಲಿ ಎಲ್ಲರೂ ಬೋಟಿನ ವರ್ಷ ಹೇಳಿ ಪಾರ್ಟ್ ಕೇಳುತ್ತಾರೆ. ಅಂಗಡಿಯವರೂ ಅದನ್ನೇ ಕೇಳುತ್ತಾರೆ. ನನ್ನ ಮಟ್ಟಿಗೆ ತೊಂದರೆ ಶುರುವಾಗುವುದೇ ಅಲ್ಲಿಂದ. 1998ರ ಬೋಟಿಗೆ 1997ರ ಇಂಜಿನ್ ಕೂರಿಸಿರಬಹುದು. ಇಪ್ಪತ್ತೈದು ವರ್ಷದಲ್ಲಿ ಯಾರೋ ಬಂಡೆಗೆ ಹೊಡೆದು ಡ್ರೈವನ್ನೇ ಬದಲಿಸಿರಬಹುದು. ಹಾಗೆ ಬದಲಿಸಿದ್ದು ಬೇರೆ ಕಂಪನಿಯ ನಕಲು ಡ್ರೈವ್ ಕೂಡ ಆಗಿರಬಹುದು. ಆಲ್ಫಾ ಅಂದ ಮಾತ್ರಕ್ಕೆ ಎಲ್ಲ ಒಂದೇ ಅಲ್ಲ. ಜೆನ್ 1, ಜೆನ್ 2 ಹೊರಗಿನಿಂದ ಅಣ್ಣತಮ್ಮಂದಿರ ಹಾಗೆ ಕಂಡರೂ ಬೆಲ್ಲೋಸ್ (ಶಾಫ್ಟಿನ ಸುತ್ತ ನೀರು ಬರದ ಹಾಗೆ ಮುಚ್ಚುವ ಮಡಿಕೆ ಮಡಿಕೆಯ ರಬ್ಬರ್ ಕೊಳವೆ) ಬೇರೆ, ನೀರಿನ ಪಂಪು ಬೇರೆ. ಮರ್ಕ್ರೂಸರ್‌ನದೇ ಇನ್ನೊಂದು ಮಾದರಿಯಾದ ಬ್ರಾವೋ ಡ್ರೈವಿನದು ಇನ್ನೂ ಬೇರೆ ಕಥೆ, ಅದರಲ್ಲಿ ನೀರಿನ ಪಂಪು ಕಾಲಿನಲ್ಲಿ ಇರುವುದೇ ಇಲ್ಲ, ಇಂಜಿನ್ ಮೇಲಿರುತ್ತದೆ.

ನಂಬಬೇಕಾದದ್ದು ಸೀರಿಯಲ್ ನಂಬರನ್ನು. ಮರ್ಕ್ರೂಸರ್‌ನಲ್ಲಿ ಅದು ಮೂರು: ಇಂಜಿನ್‌ಗೊಂದು, ಬೋಟಿನ ಹಿಂಗೋಡೆಗೆ ಕೂತಿರುವ ಟ್ರಾನ್ಸಮ್ ಅಸೆಂಬ್ಲಿಗೊಂದು, ಡ್ರೈವಿಗೊಂದು. ಪ್ಯಾಕಿಂಗ್‌ಗೆ ಬೇಕಾದದ್ದು ಡ್ರೈವಿನದು, ಬೆಲ್ಲೋಸ್‌ಗೆ ಬೇಕಾದದ್ದು ಟ್ರಾನ್ಸಮ್‌ನದು. ನಮ್ಮ ಡ್ರೈವಿನ ಮೇಲ್ಭಾಗದ ಸ್ಟಿಕ್ಕರ್ ಬಿಸಿಲಿಗೆ ಮಾಸಿ ಹೋಗಿತ್ತು. ಒದ್ದೆ ಬಟ್ಟೆಯಿಂದ ಒರೆಸಿ, ಪಕ್ಕದಿಂದ ಟಾರ್ಚ್ ಹಿಡಿದಾಗ ಅಕ್ಷರ ಮೂಡಿದವು. ನಂಬರಿನ ಮೊದಲ ಅಕ್ಷರ ಸೊನ್ನೆ. ಹಲವರು ಅದನ್ನು ಇಂಗ್ಲಿಷಿನ ಓ ಅಂತ ಟೈಪ್ ಮಾಡಿ, ಕೆಟಲಾಗಿನಲ್ಲಿ ಏನೂ ಬರ್ತಿಲ್ಲ ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ಸೊನ್ನೆ ಹಾಕಿ ಹುಡುಕಿದರೆ ಆ ಡ್ರೈವಿನ ಬಿಡಿಬಿಡಿ ಚಿತ್ರ, ಒಂದೊಂದು ಭಾಗದ ನಂಬರ್ ಎಲ್ಲ ಸಿಗುತ್ತದೆ.

ಕಿಟ್ ಬಂತು. ತೆರೆದು ನೋಡಿದರೆ ಒಂದು ದಪ್ಪ ಕಾಗದದಂಥ ಪ್ಯಾಕಿಂಗ್, ನೀರಿನ ದಾರಿಗೆ ಕೂರುವ ರಬ್ಬರ್ ಸೀಲು, ಬೇರೆ ಬೇರೆ ಅಳತೆಯ ಓ-ರಿಂಗುಗಳು. ಒಂದೇ ಕಿಟ್ ಹಲವು ಮಾದರಿಗೆ ಆಗುವ ಹಾಗೆ ಮಾಡಿರುತ್ತಾರೆ, ಅದಕ್ಕೇ ಒಂದೆರಡು ತುಂಡು ಜಾಸ್ತಿ. ಮಿಕ್ಕಿದ್ದನ್ನು ನೋಡಿ ಎಲ್ಲೋ ಹಾಕುವುದು ಮರೆತೆ ಅಂತ ಗಾಬರಿ ಬೀಳಬೇಕಾಗಿಲ್ಲ. ಚಿತ್ರ ಮುಂದೆ ಇಟ್ಟುಕೊಂಡು ಯಾವ ತುಂಡು ಎಲ್ಲಿಗೆ ಅಂತ ಮೊದಲೇ ಬೇರ್ಪಡಿಸಿ, ಸಣ್ಣ ಪ್ಲಾಸ್ಟಿಕ್ ಕವರಿಗೆ ಹಾಕಿ ಹೆಸರು ಬರೆದೆ.

ಇಷ್ಟೆಲ್ಲ ಯಾಕೆ, ಒಂದು ಶೀಟ್ ತಂದು ಕತ್ತರಿಸಿದರೆ ಆಗಲ್ವಾ ಅಂತ ನನಗೂ ಅನ್ನಿಸಿತ್ತು. ನಾನು ಬೆಳೆದದ್ದು ತಿಪಟೂರಿನ ಕಡೆ. ಅಲ್ಲಿ ತೋಟದ ಡೀಸೆಲ್ ಪಂಪ್‌ಸೆಟ್‌ಗೆ ಅಂಗಡಿಯ ಪ್ಯಾಕಿಂಗ್ ತಂದಿದ್ದು ನಾನು ನೋಡಿಯೇ ಇಲ್ಲ. ರಿಪೇರಿ ಶೆಡ್ಡಿನಲ್ಲಿ ಶೀಟನ್ನು ಆ ಭಾಗದ ಮೇಲೆಯೇ ಹಾಸಿ, ಗುಂಡುತಲೆಯ ಸುತ್ತಿಗೆಯಿಂದ ಅಂಚಿನ ಸುತ್ತ ಟಕಟಕ ಕುಟ್ಟುತ್ತಿದ್ದರು. ಲೋಹದ ಅಂಚೇ ಶೀಟನ್ನು ಕತ್ತರಿಸುತ್ತಿತ್ತು. ಬೋಲ್ಟಿನ ತೂತಿಗೆ ಸುತ್ತಿಗೆಯ ಗುಂಡು ಕಡೆಯಿಂದ ಒಂದು ಏಟು. ಐದು ನಿಮಿಷದಲ್ಲಿ ಪ್ಯಾಕಿಂಗ್ ರೆಡಿ, ಪಂಪೂ ವರ್ಷಗಟ್ಟಲೆ ಓಡುತ್ತಿತ್ತು. ಅಲ್ಲಿ ಒಂದು ಹನಿ ಸೋರಿದರೆ ನೆಲಕ್ಕೆ ಬೀಳುತ್ತದೆ, ಅಷ್ಟೇ. ಇಲ್ಲಿ ಹನಿ ಶಾಫ್ಟ್ ಇರುವ ಬೆಲ್ಲೋಸ್ ಒಳಗೆ ಹೋದರೆ ಬೇರಿಂಗ್ ತುಕ್ಕು ಹಿಡಿಯುತ್ತದೆ, ಎಣ್ಣೆ ತೂತಿಗೆ ಹೋದರೆ ಗೇರೇ ಹೋಗುತ್ತದೆ. ಶೀಟಿನ ದಪ್ಪ ಸ್ವಲ್ಪ ಹೆಚ್ಚು ಕಮ್ಮಿ ಆದರೂ ನೀರಿನ ರಬ್ಬರ್ ಸೀಲು ಸರಿಯಾಗಿ ಒತ್ತಿ ಕೂರುವುದಿಲ್ಲ. ಪಂಪ್‌ಸೆಟ್ ಬುದ್ಧಿ ಇಲ್ಲಿ ನಡೆಯುವುದಿಲ್ಲ.

ಸಹಾಯಕ್ಕೆ ಬಂದವನು ಮಲ್ಪೆ ಕಡೆಯ ಗೆಳೆಯ. ಡ್ರೈವ್ ಒಬ್ಬರೇ ಎತ್ತುವ ಭಾರ ಅಲ್ಲ. ಅವನು ಬಂದರಿನ ಬೋಟು ನೋಡಿಕೊಂಡೇ ಬೆಳೆದವನು. "ನಮ್ಮಲ್ಲಿ ಟ್ರಾಲರ್ ಶಾಫ್ಟ್ ಹೊರಗೆ ಬರುವ ಜಾಗಕ್ಕೆ ಗ್ರೀಸ್ ಹಗ್ಗ ತುರುಕುವುದು ಮಾರಾಯ. ಹನಿ ಹನಿ ನೀರು ಬರ್ಲೇಬೇಕು, ಇಲ್ದಿದ್ರೆ ಶಾಫ್ಟ್ ಬಿಸಿ ಆಗ್ತದೆ" ಅಂದ. ಹೌದು, ಅಲ್ಲಿ ಹನಿ ಬಂದರೇ ಕ್ಷೇಮ. ನಮ್ಮಲ್ಲಿ ಒಂದೂ ಬರಬಾರದು.

ಬಿಚ್ಚುವ ಮುಂಚೆ ಆಲ್ಫಾದಲ್ಲಿ ನೆನಪಿಡಬೇಕಾದದ್ದು: ಗೇರನ್ನು ಫಾರ್ವರ್ಡ್‌ಗೆ ಹಾಕಬೇಕು. ಆಗಲೇ ಒಳಗಿನ ಲಿಂಕು ನೇರ ಸಾಲಿಗೆ ಬಂದು ಡ್ರೈವನ್ನು ಬಿಟ್ಟುಕೊಡುತ್ತದೆ. ಬ್ರಾವೋ ಆದರೆ ನ್ಯೂಟ್ರಲ್. ಬ್ಯಾಟರಿ ವೈರ್ ತೆಗೆದೆ. ಗೇರ್ ಆಯಿಲ್ ಇಳಿಸಿದೆ, ಕೆಳಗಿನ ಪ್ಲಗ್ ಮೊದಲು, ಆಮೇಲೆ ಮೇಲಿನದು. ಇಲ್ಲಿ ಎದೆ ಸ್ವಲ್ಪ ಡವಗುಟ್ಟುತ್ತಿತ್ತು, ಎಣ್ಣೆ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಗೇರಿನ ಒಳಗೆ ನೀರು ಹೋಗಿದೆ ಅಂತ ಅರ್ಥ. ಹಾಗೆ ಇರಲಿಲ್ಲ. ಪ್ಲಗ್ಗಿನ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ಸಣ್ಣ ಪೇಸ್ಟ್ ಇತ್ತು, ಅದು ಮಾಮೂಲಿ. ಚೂರು, ಹಲ್ಲಿನ ತುಂಡು ಏನೂ ಇಲ್ಲ.

ಡ್ರೈವನ್ನು ಎತ್ತಿಳಿಸುವ ಎರಡು ಹೈಡ್ರಾಲಿಕ್ ಟ್ರಿಮ್ ರಾಮ್‌ಗಳ ಹಿಂದಿನ ಪಿನ್ ಬಿಚ್ಚಿ, ಅವನ್ನು ಮೇಲಕ್ಕೆ ಕಟ್ಟಿದೆವು. ಸ್ಪೀಡೋಮೀಟರಿನ ಸಣ್ಣ ಪೈಪು ಕಳಚಿದೆ. ಡ್ರೈವಿನ ಮೇಲಿನ ಕೊಂಡಿಗೆ ಇಂಜಿನ್ ಹಾಯಿಸ್ಟಿನ ಸರಪಳಿ ಸಿಕ್ಕಿಸಿ, ಭಾರ ಸ್ವಲ್ಪ ಹಿಡಿಯುವಷ್ಟು ಎತ್ತಿದೆವು. ಆಮೇಲೆ ಆರು ನಟ್, 5/8 ಇಂಚಿನ ರಿಂಗ್ ಪಾನಾ. ಕೊನೆಯ ನಟ್ ತೆಗೆಯುವ ಹೊತ್ತಿಗೆ ಡ್ರೈವಿನ ಹಿಂದೆ ಯಾರೂ ಕಾಲಿಡಬಾರದು. ಸಿಹಿನೀರಿನ ಬೋಟು ಆದ್ದರಿಂದ ಹಿಡಿದುಕೊಂಡಿರಲಿಲ್ಲ. ಇಬ್ಬರೂ ಅಲ್ಲಾಡಿಸುತ್ತ ನೇರ ಹಿಂದಕ್ಕೆ ಎಳೆದಾಗ ಬಂತು. ಉಪ್ಪುನೀರಿನಲ್ಲಿ ಓಡಿದ ಬೋಟಾದರೆ ಈ ಒಂದು ಹಂತಕ್ಕೇ ಅರ್ಧ ದಿನ ಹೋಗುತ್ತದೆ ಅಂತಾರೆ.

ಜಾಯಿಂಟ್ ತೆರೆದಾಗ ಗೆಳೆಯ ಒಂದು ಕ್ಷಣ ಸುಮ್ಮನೆ ನೋಡಿದ. ಆಮೇಲೆ, "ಎಂಥ ಮಾರಾಯ ಇದು, ಇಷ್ಟು ಮೆತ್ತಿದ್ದು ಯಾರು?"

ಮುಖದ ತುಂಬ ಕಪ್ಪು ಸಿಲಿಕೋನ್. ಅದರ ಅಡಿಯಲ್ಲಿ ಪ್ಯಾಕಿಂಗ್ ಇತ್ತು, ಆದರೆ ನಮ್ಮ ಡ್ರೈವಿನದಲ್ಲ. ಸ್ಟಡ್ಡಿನ ತೂತುಗಳಲ್ಲಿ ಎರಡನ್ನು ಬ್ಲೇಡಿನಿಂದ ಅಗಲ ಮಾಡಿದ್ದರು, ಅಂಚು ಹರಿದ ಹಾಗೆ ಇತ್ತು. ನೀರಿನ ದಾರಿಯ ತೂತು ಪ್ಯಾಕಿಂಗ್‌ನಲ್ಲಿ ಸ್ವಲ್ಪ ಪಕ್ಕಕ್ಕೆ ಕೂತಿತ್ತು, ಅಂದರೆ ದಾರಿಯ ಒಂದು ಭಾಗವನ್ನು ಅದೇ ಮುಚ್ಚುತ್ತಿತ್ತು. ಇನ್ನೊಂದು ಪಕ್ಕದಲ್ಲಿ ಮುಖಕ್ಕೆ ಮುಖ ತಾಗುವ ಜಾಗದಲ್ಲಿ ಪ್ಯಾಕಿಂಗೇ ಇಲ್ಲ, ಬರೀ ಸಿಲಿಕೋನ್. ರಬ್ಬರ್ ಸೀಲು ಎಲ್ಲಿ ಅಂತ ಹುಡುಕಿದರೆ ಅದು ಇರಲೇ ಇಲ್ಲ. ಅದು ಕೂರಬೇಕಾದ ತೋಡಿನಲ್ಲೂ ಸಿಲಿಕೋನ್ ತುಂಬಿತ್ತು. ಬಲ ಪಕ್ಕದಲ್ಲಿ, ಹೊಗೆಯ ಮಸಿ ಹಿಡಿದ ಕಡೆ, ಪೆನ್ಸಿಲಿನಷ್ಟು ಅಗಲದ ಒಂದು ದಾರಿ ಮಾತ್ರ ಹೊಳೆಯುವಷ್ಟು ಸ್ವಚ್ಛ. ನೀರು ಅಲ್ಲಿಂದಲೇ ನುಗ್ಗುತ್ತಿತ್ತು. ನೀರಿನ ದಾರಿಯ ಒಳಗೆ ಬೆರಳು ಹಾಕಿದಾಗ ಸಿಲಿಕೋನಿನ ಒಂದು ಬಾಲ ನೇತಾಡುತ್ತಿತ್ತು. ಅದು ಕಳಚಿ ಹೋಗಿದ್ದರೆ ಇಂಜಿನ್ ಕಡೆಯ ಪೈಪಿನಲ್ಲಿ ಎಲ್ಲೋ ಸಿಕ್ಕಿಕೊಳ್ಳುತ್ತಿತ್ತು.

ಬೋಟು ಯಾಕೆ ಸ್ಪೀಡಿನಲ್ಲಿ ಮಾತ್ರ ಬಿಸಿಯಾಗುತ್ತಿತ್ತು ಅಂತ ಈಗ ಬಿಡಿಸಿ ಹೇಳಬೇಕಾಗಿಲ್ಲ. ಐಡ್ಲಿಂಗ್‌ನಲ್ಲಿ ಇಂಜಿನ್‌ಗೆ ಬೇಕಾದ ನೀರೂ ಕಮ್ಮಿ, ಪಂಪಿನ ಒತ್ತಡವೂ ಕಮ್ಮಿ. ಆರ್‌ಪಿಎಂ ಏರಿದ ಹಾಗೆ ಒತ್ತಡ ಏರಿ ನೀರು ಜಾಯಿಂಟಿನಲ್ಲೇ ಆಚೆ ಹೋಗುತ್ತಿತ್ತು. ಮಿಕ್ಕಿದ್ದು ಅರ್ಧ ಮುಚ್ಚಿದ ಬಾಯಿಂದ ಇಂಜಿನ್ ಸೇರಬೇಕಿತ್ತು.

ಇದನ್ನು ಮಾಡಿದವರ ಬಗ್ಗೆ ನನಗೆ ಕೋಪ ಬಂದದ್ದು ತಪ್ಪು ಪ್ಯಾಕಿಂಗ್ ತಂದದ್ದಕ್ಕಲ್ಲ. ತಪ್ಪು ಪಾರ್ಟ್ ಯಾರಿಗೂ ಬರುತ್ತದೆ. ತೂತು ಹೊಂದುತ್ತಿಲ್ಲ ಅಂತ ಕಣ್ಣೆದುರು ಕಂಡ ಮೇಲೂ ಬ್ಲೇಡ್ ಕೈಗೆ ತೆಗೆದುಕೊಂಡರಲ್ಲ, ಅದಕ್ಕೆ.

ಕ್ಲೀನಿಂಗ್ ಇಡೀ ಕೆಲಸದ ಅರ್ಧ ಪಾಲು ತಿಂದಿತು. ಮೊದಲು ಬೆಲ್ಲೋಸಿನ ಬಾಯಿಗೆ, ನೀರಿನ ದಾರಿಗೆ, ಎಣ್ಣೆ ತೂತಿಗೆ ಒಂದೊಂದು ಸ್ವಚ್ಛ ಬಟ್ಟೆ ತುರುಕಿದೆವು, ಕೆರೆದ ಪುಡಿ ಒಳಗೆ ಹೋಗಬಾರದು. ಮುಖ ಅಲ್ಯೂಮಿನಿಯಂ. ಸ್ಕ್ರೂಡ್ರೈವರ್ ಹಾಕಿ ಕೆರೆದರೆ ಗೆರೆ ಬಿದ್ದು, ಅದೇ ಗೆರೆಯಲ್ಲಿ ಮುಂದೆ ನೀರು ಸೋರುತ್ತದೆ. ಪ್ಲಾಸ್ಟಿಕ್ ಸ್ಕ್ರೇಪರಿನಿಂದ ದಪ್ಪದ್ದು ಎಲ್ಲ ತೆಗೆದೆ. ಅಂಟಿಕೊಂಡ ಕಾಗದಕ್ಕೆ ಗ್ಯಾಸ್ಕೆಟ್ ರಿಮೂವರ್ ಸ್ಪ್ರೇ ಹೊಡೆದು ಕಾದು, ಬ್ಲೇಡನ್ನು ಮುಖಕ್ಕೆ ಪೂರ್ತಿ ಮಲಗಿಸಿ ತಳ್ಳಿದೆ. ತೋಡಿನ ಮೂಲೆಗೆ ಬಿದಿರಿನ ಕಡ್ಡಿ ಚೆನ್ನಾಗಿ ಕೆಲಸ ಮಾಡಿತು. ಕೊನೆಗೆ ಆಲ್ಕೋಹಾಲ್ ಹಾಕಿದ ಬಟ್ಟೆ. ಬೆರಳಿನ ಉಗುರು ಮುಖದ ಮೇಲೆ ಓಡಿಸಿದರೆ ಎಲ್ಲೂ ತಡೆಯಬಾರದು. ಒಂದು ಸ್ಟೀಲ್ ಸ್ಕೇಲನ್ನು ಅಡ್ಡ ಇಟ್ಟು, ಹಿಂದಿನಿಂದ ಟಾರ್ಚ್ ಬಿಟ್ಟು, ಬೆಳಕು ಎಲ್ಲಾದರೂ ತೂರುತ್ತದಾ ನೋಡಿದೆವು. ತೂರಲಿಲ್ಲ. ಮುಖ ಡೊಂಕಾಗಿದ್ದರೆ ಎಂಥ ಪ್ಯಾಕಿಂಗ್ ತಂದರೂ ಪ್ರಯೋಜನ ಇಲ್ಲ.

ಡ್ರೈವ್ ಹೊರಗೆ ಇರುವಾಗಲೇ ನೋಡಬೇಕಾದ್ದು ಇನ್ನೂ ಇದೆ. ಬೆಲ್ಲೋಸ್ ಒಳಗೆ ಕೈ ಹಾಕಿ ಒಂದೊಂದು ಮಡಿಕೆಯನ್ನೂ ಬಿಡಿಸಿ ನೋಡಿದೆ. ಅದು ನೀರಿನ ಮಟ್ಟಕ್ಕಿಂತ ಕೆಳಗೆ ಇರುವ ರಬ್ಬರು. ಅದು ಹರಿದರೆ ಬೋಟೇ ಮುಳುಗಬಹುದು, ಉತ್ಪ್ರೇಕ್ಷೆ ಅಲ್ಲ. ಒಳಗೆ ಸ್ವಲ್ಪ ತೇವ ಇತ್ತು, ಬಿರುಕು ಇರಲಿಲ್ಲ. ಆ ತೇವವೂ ಈ ಜಾಯಿಂಟಿನದೇ ಅನ್ನುವುದು ನನ್ನ ಲೆಕ್ಕ. ಜಿಂಬಲ್ ಬೇರಿಂಗನ್ನು ಬೆರಳಿನಿಂದ ತಿರುಗಿಸಿದರೆ ಗರಗರ ಇಲ್ಲದೆ ನಯವಾಗಿ ತಿರುಗಿತು, ಸದ್ಯ. ಶಾಫ್ಟ್ ಮಡಿಯಲು ಬಿಡುವ ಯು-ಜಾಯಿಂಟುಗಳನ್ನು ಎರಡೂ ಕಡೆ ಮಡಿಸಿ ನೋಡಿದೆವು, ಬಿಗಿತ ಇಲ್ಲ.

ಆಮೇಲೆ ಅಲೈನ್‌ಮೆಂಟ್, ಅಂದರೆ ಇಂಜಿನ್ ಮತ್ತು ಶಾಫ್ಟ್ ಒಂದೇ ನೇರ ಸಾಲಿನಲ್ಲಿವೆಯಾ ಅಂತ ನೋಡುವುದು. ಇದಕ್ಕೊಂದು ಉದ್ದ ಸ್ಟೀಲ್ ಸಲಾಕೆ ಬೇಕು, ಬಾಡಿಗೆಗೆ ಸಿಗುತ್ತದೆ. ಗ್ರೀಸ್ ಹಚ್ಚಿ ಜಿಂಬಲ್ ಬೇರಿಂಗ್ ಮೂಲಕ ಇಂಜಿನ್ ಕಪ್ಲರಿನ (ಶಾಫ್ಟಿನ ಹಲ್ಲು ಹೋಗಿ ಕೂರುವ ಭಾಗ) ಒಳಗೆ ತೂರಿಸಿದರೆ ಎರಡು ಬೆರಳಿನ ಬಲಕ್ಕೆ ಒಳಗೆ ಹೋಗಿ ಹೊರಗೆ ಬರಬೇಕು. ನಮ್ಮದು ಬಿಗಿಯಾಗಿತ್ತು. ಹೊರಗೆ ತೆಗೆದು ನೋಡಿದರೆ ಗ್ರೀಸಿನ ಮೇಲೆ ಹಲ್ಲಿನ ಗುರುತು ಒಂದೇ ಪಕ್ಕಕ್ಕೆ. ಇಂಜಿನ್‌ನ ಮುಂದಿನ ಮೌಂಟ್ ಸ್ವಲ್ಪ ಸ್ವಲ್ಪವೇ ಏರಿಸಿ, ಮತ್ತೆ ತೂರಿಸಿ, ಮತ್ತೆ ನೋಡಿ, ಗುರುತು ಸುತ್ತಲೂ ಒಂದೇ ಸಮ ಬರುವ ತನಕ ಮಾಡಿದೆವು. ಇದನ್ನು ಬಿಟ್ಟು ಪ್ಯಾಕಿಂಗ್ ಮಾತ್ರ ಹೊಸದು ಹಾಕಿದರೆ ಶಾಫ್ಟ್ ಡೊಂಕಾಗಿ ಎಳೆಯುತ್ತಲೇ ಇರುತ್ತದೆ, ಕಪ್ಲರ್ ಹಲ್ಲು ಸವೆಯುತ್ತದೆ.

ಹೊಸ ಪ್ಯಾಕಿಂಗನ್ನು ಮೊದಲು ಒಣಗಿದ್ದ ಹಾಗೇ ಸ್ಟಡ್ಡುಗಳ ಮೇಲೆ ಇಟ್ಟೆ. ಒತ್ತಡ ಹಾಕದೆ, ತಾನಾಗಿ ಹಿಂದಿನ ತನಕ ಜಾರಿತು. ಒಂದೊಂದೇ ತೂತು ನೋಡಿದೆ: ನೀರಿನದು ಅಂಚಿಗೆ ಅಂಚು ಕೂತಿತ್ತು, ಹೊಗೆಯದು ಎಲ್ಲೂ ಒಳಗೆ ಚಾಚಿರಲಿಲ್ಲ, ಎಣ್ಣೆಯ ಸಣ್ಣ ತೂತು ನಟ್ಟನಡುವೆ, ಲಿಂಕಿನ ಜಾಗ ಬಿಡುವಾಗಿತ್ತು. ತೆಗೆದು ಡ್ರೈವಿನ ಮುಖಕ್ಕೂ ಇಟ್ಟು ಅದೇ ಥರ ನೋಡಿದೆ. ಸರಿಯಾದ ಪ್ಯಾಕಿಂಗ್ ಅಂದರೆ ಹೀಗೇ, ಎಲ್ಲೂ ಒಂದು ಕೂದಲೆಳೆ ಎಳೆದು ಕೂರಿಸುವ ಮಾತೇ ಬರಲಿಲ್ಲ.

ಪ್ಯಾಕಿಂಗ್‌ಗೆ ಸಿಲಿಕೋನ್ ಹಚ್ಚಲಿಲ್ಲ. ಒಣ ಮುಖಕ್ಕೆ ಒಣ ಪ್ಯಾಕಿಂಗ್. ರಬ್ಬರ್ ಸೀಲು ಡ್ರೈವ್ ತೂರಿಸುವಾಗ ಕೆಳಗೆ ಬೀಳಬಾರದು ಅಂತ ತೋಡಿನಲ್ಲಿ ವೆದರ್‌ಸ್ಟ್ರಿಪ್ ಅಂಟನ್ನು ಚುಕ್ಕಿ ಚುಕ್ಕಿಯಾಗಿ ಇಟ್ಟು ಕೂರಿಸಿದೆ. ಎಣ್ಣೆ ತೂತಿಗೆ ಹೊಸ ಓ-ರಿಂಗ್. ಯು-ಜಾಯಿಂಟ್ ಶಾಫ್ಟಿನ ಓ-ರಿಂಗುಗಳನ್ನು ಬದಲಿಸಿ, ಗ್ರೀಸ್ ಸವರಿದೆ. ಶಾಫ್ಟಿನ ಹಲ್ಲುಗಳಿಗೆ ಕಪ್ಲರ್ ಗ್ರೀಸ್, ಸ್ಟಡ್ಡುಗಳಿಗೆ 2-4-ಸಿ ಮೆರೈನ್ ಗ್ರೀಸ್. ಮುಂದಿನ ಸಲ ಬಿಚ್ಚುವವರು ನಾವೇ ತಾನೇ.

ತೂರಿಸುವ ಕೆಲಸ ನೋಡಲು ಸುಲಭ, ಮಾಡಲು ರಗಳೆ. ಹಾಯಿಸ್ಟಿನಲ್ಲಿ ಡ್ರೈವ್ ನೇತಾಡುತ್ತಿದೆ. ಶಾಫ್ಟ್ ಬೇರಿಂಗಿಗೆ ಹೋಗಬೇಕು, ಅದರಾಚೆ ಕಪ್ಲರಿನ ಹಲ್ಲು ಸಿಗಬೇಕು, ಅದೇ ಹೊತ್ತಿಗೆ ಗೇರ್ ಲಿಂಕು ಒಂದರೊಳಗೊಂದು ಕೂರಬೇಕು. ಲಿಂಕು ತಪ್ಪಿದರೂ ಡ್ರೈವ್ ಹತ್ತಿರ ಬರುತ್ತದೆ, ಗೇರ್ ಮಾತ್ರ ಬೀಳುವುದಿಲ್ಲ. ನಾನು ತಳ್ಳುತ್ತಿದ್ದೆ, ಗೆಳೆಯ ಪ್ರೊಪೆಲ್ಲರನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತಿದ್ದ. "ತಡಿ ಮಾರಾಯ, ಒತ್ಬೇಡ, ಹಲ್ಲು ಸಿಗ್ಲಿಲ್ಲ ಇನ್ನು." ಒಮ್ಮೆ ಹಲ್ಲು ಸಿಕ್ಕ ಮೇಲೆ ಡ್ರೈವ್ ತಾನೇ ಒಳಗೆ ಜಾರಿತು. ಮುಖಗಳ ನಡುವೆ ಇನ್ನೂ ಬೆರಳಗಲ ಉಳಿದಿರುವಾಗಲೇ ನಟ್ ಹಾಕಿ ಎಳೆದುಕೊಳ್ಳೋಣ ಅನ್ನಿಸುತ್ತದೆ. ಹಾಗೆ ಎಳೆದರೆ ಹಲ್ಲೋ ಪ್ಯಾಕಿಂಗೋ ಒಂದು ಹೋಗುತ್ತದೆ. ಕೈಯಿಂದಲೇ ಮುಖಕ್ಕೆ ಮುಖ ತಾಗಬೇಕು, ಇಲ್ಲದಿದ್ದರೆ ಹಿಂದಕ್ಕೆ ತೆಗೆದು ಮತ್ತೆ.

ನಟ್‌ಗಳನ್ನು ಮೊದಲು ಕೈಬಿಗಿ. ಆಮೇಲೆ ಅಡ್ಡಡ್ಡ ಎದುರುಬದುರಿನ ಕ್ರಮದಲ್ಲಿ ಅರ್ಧ ಬಿಗಿ, ಕೊನೆಗೆ ಟಾರ್ಕ್ ರೆಂಚಿನಲ್ಲಿ 50 ಫುಟ್-ಪೌಂಡ್, ಅಂದರೆ 68 ನ್ಯೂಟನ್ ಮೀಟರ್. ಒಂದೇ ಪಕ್ಕದಿಂದ ಶುರು ಮಾಡಿ ಬಿಗಿದರೆ ಪ್ಯಾಕಿಂಗ್ ಒಂದು ಕಡೆ ಹಿಸುಕಿ ಇನ್ನೊಂದು ಕಡೆ ಸಡಿಲ ಇರುತ್ತದೆ. ಹಳೇ ಲಾಕ್‌ನಟ್‌ಗಳು ಕೈಯಲ್ಲೇ ಸರಾಗವಾಗಿ ತಿರುಗುತ್ತಿದ್ದವು, ಹಾಗಾಗಿ ಅವನ್ನು ಬಿಸಾಕಿ ಹೊಸದು ಹಾಕಿದೆ.

ಗೇರ್ ಆಯಿಲನ್ನು ಕೆಳಗಿನ ತೂತಿನಿಂದ ಕೈಪಂಪಿನಲ್ಲಿ ಮೇಲಕ್ಕೆ ತುಂಬಬೇಕು. ಮೇಲಿನಿಂದ ಸುರಿದರೆ ಗಾಳಿ ಸಿಕ್ಕಿಕೊಳ್ಳುತ್ತದೆ. ಮೇಲಿನ ತೂತಿನಲ್ಲಿ ಗುಳ್ಳೆ ಇಲ್ಲದ ಎಣ್ಣೆ ಬಂದ ಮೇಲೆ ಪ್ಲಗ್ ಹಾಕಿದೆ, ಪ್ಲಗ್ಗಿನ ಪುಟ್ಟ ವಾಷರುಗಳೂ ಹೊಸವೇ. ಡ್ರೈವಿನ ಕೆಲಸಕ್ಕೆಲ್ಲ ಹೊಸ ಪ್ಯಾಕಿಂಗ್ ತಂದು ಈ ಕಡಲೆಕಾಳಿನಷ್ಟು ವಾಷರ್ ಹಳೆಯದೇ ಬಿಡುವವರನ್ನು ನೋಡಿದ್ದೇನೆ, ಎಣ್ಣೆಗೆ ನೀರು ಸೇರುವುದು ಎಷ್ಟೋ ಸಲ ಅಲ್ಲಿಂದಲೇ. ಒಳಗಿನ ಬಾಟಲಿಯನ್ನು ಗೆರೆ ತನಕ ತುಂಬಿ, ಮಾರ್ಕರಿನಿಂದ ಹೊರಗೆ ಒಂದು ಗುರುತು ಹಾಕಿದೆ.

ಮತ್ತೆ ಮಫ್ಸ್, ಮತ್ತೆ ಗಾರ್ಡನ್ ಪೈಪು. ಜಾಯಿಂಟಿನ ಸುತ್ತ ಟಿಶ್ಯೂ ಪೇಪರ್ ಒತ್ತಿ ಹಿಡಿದೆವು. ರೇಸ್ ಕೊಟ್ಟರೂ ಪೇಪರ್ ಒಣಗಿಯೇ ಇತ್ತು. ಗೇರ್ ಮುಂದಕ್ಕೂ ಹಿಂದಕ್ಕೂ ಸರಿಯಾಗಿ ಬಿತ್ತು. ಆದರೆ ಮಫ್ಸ್ ಮೇಲೆ ನೋಡಿದ್ದು ಅರ್ಧ ಪರೀಕ್ಷೆ, ಲೋಡ್ ಇಲ್ಲದ ಇಂಜಿನ್ ಬಿಸಿ ಆಗುವುದೇ ಕಮ್ಮಿ.

ಶನಿವಾರ ಬೆಳಿಗ್ಗೆ ಮಿನಿಟೋಂಕಕ್ಕೆ ಇಳಿಸಿದೆವು. ಇಲ್ಲಿನ ಕಾನೂನಿನ ಪ್ರಕಾರ ಬೋಟು ರಸ್ತೆ ಮೇಲಿರುವಾಗ ತಳದ ಡ್ರೈನ್ ಪ್ಲಗ್ ತೆಗೆದಿರಬೇಕು, ಜೀಬ್ರಾ ಮಸೆಲ್ ಇನ್ನೊಂದು ಸರೋವರಕ್ಕೆ ಹೋಗದಿರಲಿ ಅಂತ. ಪ್ಲಗ್ ಹಾಕಿ, ಇಳಿಸಿ, ಇಂಜಿನ್ ಮುಚ್ಚಳ ಎತ್ತಿಟ್ಟು ನಿಧಾನಕ್ಕೆ ಹೋದೆವು. ಗೆಳೆಯ ಒಳಗೆ ಟಾರ್ಚ್ ಹಿಡಿದು ನೀರು ಬರ್ತಿದೆಯಾ ನೋಡುತ್ತಿದ್ದ. ಒಣಗಿತ್ತು. ಮುಚ್ಚಳ ಹಾಕಿ ಥ್ರಾಟಲ್ ತಳ್ಳಿದೆ. ಮುಳ್ಳು 165ರ ಹತ್ತಿರ ಬಂತು. ಅಲ್ಲೇ ನಿಂತಿತು. ದಡದ ಉದ್ದಕ್ಕೂ ಹಾಗೇ ಓಡಿಸಿ ವಾಪಸ್ ಬಂದರೂ ಅಲ್ಲೇ.

ಮನೆಗೆ ಬಂದ ಮೇಲೆ ಇಂಜಿನ್ ತಣ್ಣಗಾದಾಗ ಆರು ನಟ್‌ಗಳಿಗೂ ಮತ್ತೊಮ್ಮೆ ಟಾರ್ಕ್ ರೆಂಚ್ ಹಾಕಿದೆ, ಯಾವುದೂ ಕದಲಲಿಲ್ಲ. ಬಾಟಲಿಯ ಎಣ್ಣೆ ಮಾರ್ಕರ್ ಗೆರೆಗಿಂತ ಸ್ವಲ್ಪ ಕೆಳಗೆ ಇಳಿದಿತ್ತು. ಮೊದಲ ಓಟದಲ್ಲಿ ಉಳಿದ ಗಾಳಿ ಹೊರಬಿದ್ದು ಅಷ್ಟು ಇಳಿಯುವುದು ಇದ್ದದ್ದೇ. ತುಂಬಿಸಿ ಆಮೇಲೆ ಗಮನಿಸಿದೆ, ಮತ್ತೆ ಇಳಿಯಲಿಲ್ಲ, ಮೇಲೂ ಏರಲಿಲ್ಲ. ಇಳಿಯುತ್ತಲೇ ಹೋದರೆ ಎಣ್ಣೆ ಸೋರುತ್ತಿದೆ, ಏರಿದರೆ ನೀರು ಸೇರುತ್ತಿದೆ.

ಅಕ್ಟೋಬರಿನಲ್ಲಿ ಬೋಟು ಚಳಿಗಾಲಕ್ಕೆ ಕಟ್ಟಿಡುವಾಗ ಡ್ರೈವ್ ಮತ್ತೆ ಇಳಿಸಬೇಕು, ಆಗ ಬೆಲ್ಲೋಸ್ ಕೂಡ ಬದಲಿಸಿಬಿಡುವ ಯೋಚನೆ ಇದೆ. ಇನ್ನೊಂದು ಪ್ಯಾಕಿಂಗ್ ಕಿಟ್ ಈಗಲೇ ತರಿಸಿಟ್ಟಿದ್ದೇನೆ. ಕವರಿನ ಮೇಲೆ ಡ್ರೈವಿನ ಸೀರಿಯಲ್ ನಂಬರ್, ಪಾರ್ಟ್ ನಂಬರ್ ಎರಡೂ ಬರೆದಿದ್ದೇನೆ. ಬೆಲ್ಲೋಸ್‌ಗೆ ಟ್ರಾನ್ಸಮ್ ನಂಬರ್ ಬೇಕು, ಅದನ್ನು ಇನ್ನೂ ಒರೆಸಿ ಓದಬೇಕು.